ಹಳೆಯ ಕಾರನ್ನು ಕೊಟ್ಟು ಹೊಸದನ್ನು ಕೊಳ್ಳುವ ಗೃಹಸ್ಥರಿಗೆ

ಎತ್ತಿನ ಸಂತೆಯ ವ್ಯಾಪಾರವನ್ನು ನಾವು ಬಾಲ್ಯದಲ್ಲಿ ಕಣ್ಣಾರೆ ಕಂಡವರು. ದಲ್ಲಾಳಿಯು ಹೆಗಲಮೇಲಿನ ವಲ್ಲಿಯನ್ನು ಕೈಗೆ ಹೊದಿಸಿ, ಅದರ ಮರೆಯಲ್ಲಿ ಕೊಳ್ಳುವವನ ಬೆರಳುಗಳನ್ನು ಹಿಡಿದು ಬೆಲೆಯನ್ನು ತಿಳಿಸುವನು. ಸುತ್ತಲೂ ನೆರೆದವರಿಗೆ ಅದು ತಿಳಿಯದು. ಹಳೆಯ ಜೋಡಿಯನ್ನು ಕೊಟ್ಟು, ಮೇಲಿಷ್ಟು ಹಣವನ್ನು ಸೇರಿಸಿ, ಹೊಸ ಜೋಡಿಯನ್ನು ತರುವ ಸಾಟಿಯ ವ್ಯಾಪಾರವೂ ಅಲ್ಲಿ ನಡೆಯುತ್ತಿದ್ದಿತು. ಹಾಗೆ ಹೊರಟ ನಮ್ಮ ಹಿರಿಯರು ಮನೆಯ ಪಡಸಾಲೆಯಲ್ಲಿಯೇ ಎರಡು ಸಂಗತಿಗಳನ್ನು ನಿಶ್ಚಯಿಸಿಕೊಂಡು ಹೋಗುತ್ತಿದ್ದರು: ನಮ್ಮ ಎತ್ತುಗಳು ಎಷ್ಟು ಬಾಳುತ್ತವೆ? ಹೊಸ ಎತ್ತುಗಳಿಗೆ ನಾವು ಎಷ್ಟರವರೆಗೆ ಕೊಡಬಹುದು? ಈ ಎರಡನ್ನೂ ತಿಳಿಯದೆ ಹೋದವನು ವಲ್ಲಿಯ ಮರೆಯಲ್ಲಿ ಏನಾಯಿತೆಂಬುದನ್ನು ಮನೆಗೆ ಬಂದಮೇಲೆ ಅರಿಯುತ್ತಿದ್ದನು.

ಈಗ ನಮ್ಮ ಆನಗೋಡಿನ ಅಂಗಳಗಳಲ್ಲಿ ಎತ್ತುಗಳು ವಿರಳವಾಗಿ ಕಾರುಗಳು ನಿಂತಿವೆ. ಊರು ಹೆದ್ದಾರಿಯ ಮೇಲೆಯೇ ಇರುವುದರಿಂದ ದಾವಣಗೆರೆಗೆ ಹೋಗಿಬರುವುದು ಸುಲಭ. ಮೆಕ್ಕೆಜೋಳವನ್ನೋ ಅಡಕೆಯನ್ನೋ ಮಾರಿದ ಹಣ ಕೈಸೇರಿದಾಗ, ಇಲ್ಲವೆ ಮಗನಿಗೆ ಉದ್ಯೋಗ ದೊರೆತಾಗ, ಹತ್ತು ವರ್ಷದ ಕಾರನ್ನು ಕೊಟ್ಟು ಹೊಸದನ್ನು ತರೋಣವೆಂಬ ಆಸೆ ಗೃಹಸ್ಥರಲ್ಲಿ ಹುಟ್ಟುವುದು ಸಹಜವಾಗಿದೆ. ಆದರೆ ಈ ಸಾಟಿಯು ಎತ್ತಿನ ಸಾಟಿಗಿಂತ ತೊಡಕಾದುದು. ಇದನ್ನು ಕುರಿತು ನಾವು ತಿಳಿದಷ್ಟನ್ನು, ಅದರಲ್ಲಿಯೂ ನಷ್ಟಪಟ್ಟು ತಿಳಿದಷ್ಟನ್ನು, ವಾಚಕರ ಮುಂದಿಡುತ್ತೇವೆ.

ಶೋರೂಮಿನ ಹೊಸ್ತಿಲನ್ನು ದಾಟಿದೊಡನೆ ವಿನಯಶೀಲನಾದ ಒಬ್ಬ ತರುಣನು ಕುರ್ಚಿಯನ್ನು ಎಳೆದು, ತಣ್ಣೀರನ್ನು ತಂದಿಟ್ಟು ಕೇಳುವ ಮೊದಲ ಪ್ರಶ್ನೆ ಇದು: “ಮೇಷ್ಟ್ರೇ, ಹಳೇ ಗಾಡಿ ಕೊಡ್ತೀರಾ?” ಎರಡನೆಯ ಪ್ರಶ್ನೆ: “ತಿಂಗಳಿಗೆ ಎಷ್ಟು ಕಂತು ಕಟ್ಟಬಲ್ಲಿರಿ?” ಪ್ರಶ್ನೆಗಳೆರಡೂ ನಿರುಪದ್ರವವಾಗಿ ಕೇಳಿಸುತ್ತವೆ. ಆದರೆ ಹೊಸ ಕಾರಿನ ಬೆಲೆಯು ತೀರ್ಮಾನವಾಗುವುದಕ್ಕೆ ಮೊದಲೇ ಇವಕ್ಕೆ ಉತ್ತರ ಕೊಟ್ಟವರು ತಮ್ಮ ಲೆಕ್ಕವನ್ನು ತಾವೇ ಕಲಸಿಕೊಂಡಂತಾಗುವುದು.

ಕ್ರಯವಿಕ್ರಯವೆಂಬುದು ದ್ವಂದ್ವಸಮಾಸ. ಕ್ರಯವೂ ವಿಕ್ರಯವೂ ಎಂದು ಬಿಡಿಸಿ ಹೇಳಿದರೇ ಅದರ ಅರ್ಥ ತಿಳಿಯುವುದು. ನಮ್ಮ ನೆರೆಯ ಹರಿಹರದ ಹೆಸರೂ ದ್ವಂದ್ವವೇ; ಅಲ್ಲಿಯ ಗುಡಿಯಲ್ಲಿ ಹರಿಯೂ ಹರನೂ ಒಂದೇ ದೇಹದಲ್ಲಿ ನಿಂತಿರುವುದು ಭಕ್ತರಿಗೆ ಆನಂದಕರವಾಗಿದೆ. ವ್ಯಾಪಾರದಲ್ಲಿ ಮಾತ್ರ ಹಾಗೆ ಒಂದಾಗಗೊಡಬಾರದು. ಹೊಸ ಕಾರನ್ನು ಕೊಳ್ಳುವುದು ಒಂದು ವ್ಯಾಪಾರ, ಹಳೆಯದನ್ನು ಮಾರುವುದು ಇನ್ನೊಂದು ವ್ಯಾಪಾರ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ, ಒಂದು ಕಡೆ ಉದಾರವಾಗಿ ಕೊಟ್ಟುದನ್ನು ಇನ್ನೊಂದು ಕಡೆ ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಲು ಅವಕಾಶವಾಗುವುದು.

ಕೇವಲ ಲೆಕ್ಕದ ತಿಳಿವಳಿಕೆಗಾಗಿ ಒಂದು ಉದಾಹರಣೆಯನ್ನು ಕಲ್ಪಿಸೋಣ. ಹೊಸ ಕಾರಿನ ಪಟ್ಟಿಬೆಲೆ 8,00,000 ರೂಪಾಯಿ. ಮೊದಲನೆಯ ಡೀಲರು ಹಳೆಯ ಕಾರಿಗೆ 2,60,000 ಕೊಡುವೆನೆಂದು, ಹೊಸದರ ಬೆಲೆಯಲ್ಲಿ ಏನೂ ಇಳಿಸಲಾರೆನೆಂದು ಹೇಳುವನು. ಕೈಯಿಂದ ಕೊಡಬೇಕಾದುದು 5,40,000. ಎರಡನೆಯವನು ಹಳೆಯದಕ್ಕೆ 2,20,000 ಮಾತ್ರ ಹೇಳಿ, ಹೊಸದರಲ್ಲಿ 50,000 ಇಳಿಸುವನು, ಕೊಡಬೇಕಾದುದು 5,30,000. ತನ್ನ ಹಳೆಯ ಕಾರಿಗೆ ಹೆಚ್ಚು ಬೆಲೆ ಬಂದಿತೆಂಬ ಸಂತೋಷದಿಂದ ಮೊದಲನೆಯವನನ್ನು ಒಪ್ಪಿದ ಗೃಹಸ್ಥನು 10,000 ರೂಪಾಯಿಗಳನ್ನು ಕಳೆದುಕೊಂಡನು. ಅದೇ ಕಾರನ್ನು ಹೊರಗೆ 2,50,000ಕ್ಕೆ ಮಾರಿ, ಎರಡನೆಯವನಲ್ಲಿ ಹೊಸದನ್ನು ಕೊಂಡಿದ್ದರೆ ಕೈಯಿಂದ ಹೋಗುತ್ತಿದ್ದುದು 5,00,000 ಮಾತ್ರ. ಆದುದರಿಂದ ‘ಹಳೆಯದಕ್ಕೆ ಎಷ್ಟು ಕೊಟ್ಟರು?’ ಎಂದು ನೆರೆಯವರು ಕೇಳಿದರೆ ಹಿಗ್ಗುವುದಕ್ಕೆ ಮೊದಲು, ಮೇಲೆ ಎಷ್ಟು ಕೊಟ್ಟೆವೆಂಬುದನ್ನು ನೋಡಿಕೊಳ್ಳಬೇಕು.

ಹಳೆಯ ಕಾರಿನ ಬೆಲೆಯನ್ನು ತಿಳಿಯುವುದಕ್ಕೆ ಕಡಮೆಯೆಂದರೆ ಮೂರು ಕಡೆ ವಿಚಾರಿಸತಕ್ಕದ್ದು: ಒಬ್ಬ ಹೊಸ ಕಾರಿನ ಡೀಲರಲ್ಲಿ, ಹಳೆಯ ಕಾರುಗಳ ವ್ಯಾಪಾರಿಯಲ್ಲಿ, ಮತ್ತು ಆ ಕಾರನ್ನು ಬಹುದಿನದಿಂದ ಬಲ್ಲ ಮೆಕ್ಯಾನಿಕ್ಕಿನಲ್ಲಿ. ಡೀಲರು ಕಡಮೆ ಹೇಳುವುದೆಲ್ಲವೂ ಲೋಭವಲ್ಲ. ಅವನು ಕಾರನ್ನು ದುರಸ್ತಿ ಮಾಡಿಸಿ, ಗಿರಾಕಿ ಬರುವವರೆಗೆ ನಿಲ್ಲಿಸಿಕೊಳ್ಳಬೇಕು. 2025ರ ಜನವರಿಯಿಂದ ಹಳೆಯ ಕಾರಿನ ಮೇಲೆ ತನಗೆ ಉಳಿಯುವ ಅಂತರಕ್ಕೆ ನೂರಕ್ಕೆ 18ರಂತೆ ಜಿ.ಎಸ್.ಟಿ. ತೆರಬೇಕು. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್.ಟಿ. 28ರಿಂದ 18ಕ್ಕೆ ಇಳಿಯಿತು, ಅದರ ಮೇಲಿನ ಸೆಸ್ಸೂ ಹೋಯಿತು. ಹೊಸದು ಅಗ್ಗವಾದಾಗ ಹಳೆಯದರ ಬೆಲೆಯೂ ಇಳಿಯುವುದು ನ್ಯಾಯವೇ. ಎಕ್ಸ್‌ಚೇಂಜ್ ಬೋನಸ್ಸೆಂದು ಕಂಪೆನಿಯವರು ಕೊಡುವ ಹಣವುಂಟಷ್ಟೆ. ಅದು ಹಳೆಯ ಕಾರಿನ ಬೆಲೆಯಲ್ಲ, ಬೇರೆಯದು. ಅದನ್ನು ಬೇರೆಯ ಸಾಲಿನಲ್ಲಿಯೇ ಬರೆಯಿಸಬೇಕು. ಹಳೆಯದನ್ನು ಹೊರಗೆ ಮಾರಿದರೂ ದೊರೆಯುವುದೋ ಎಂದು ಕೇಳಿ ನೋಡಬೇಕು.

ಹೊಸ ಕಾರಿನ ಪಟ್ಟಿಯನ್ನಾದರೂ ಸಾಲುಸಾಲಾಗಿ ಓದತಕ್ಕದ್ದು. ಶೋರೂಮಿನ ಬೆಲೆ, ಆಜೀವ ತೆರಿಗೆ, ನೋಂದಣಿ, ವಿಮೆ ಇವು ಇರಲೇಬೇಕಾದುವು. ನಮ್ಮ ರಾಜ್ಯದಲ್ಲಿ ಪೆಟ್ರೋಲು ಡೀಸೆಲುಗಳ ಕಾರಿನ ಆಜೀವ ತೆರಿಗೆಯು ಬೆಲೆಯನ್ನನುಸರಿಸಿ ನೂರಕ್ಕೆ 13ರಿಂದ 18ರವರೆಗೂ, ಅದರ ಮೇಲೆ ಉಪಕರವೂ ಇರುವುದರಿಂದ ಇಲ್ಲಿ ಚೌಕಾಸಿಗೆ ಎಡೆಯಿಲ್ಲ. ಹತ್ತು ಲಕ್ಷಕ್ಕೆ ಮೀರಿದ ಕಾರಿಗೆ ನೂರಕ್ಕೆ 1ರಂತೆ ಹಿಡಿಯುವ ತೆರಿಗೆಯನ್ನು ಆದಾಯತೆರಿಗೆಯ ಲೆಕ್ಕ ಸಲ್ಲಿಸುವಾಗ ಹಿಂದಕ್ಕೆ ಪಡೆಯಬಹುದು. ವಿಮೆಯ ಮಾತು ಬೇರೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆಯನ್ನು ಮೂರು ವರ್ಷಕ್ಕೆ ಒಟ್ಟಾಗಿ ಮಾಡಿಸಬೇಕೆಂಬುದು ಕಡ್ಡಾಯ; ಆದರೆ ಅದನ್ನು ಡೀಲರಿಂದಲೇ ಮಾಡಿಸಬೇಕೆಂಬ ಕಟ್ಟಿಲ್ಲ. ಹೊರಗೆ ವಿಚಾರಿಸಿ ಒಂದು ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಸಾಕು, ಅಲ್ಲಿಯ ಅಂಕಿಯೂ ಇಳಿಯುವುದುಂಟು. ಸಾಗಾಣಿಕೆ, ನಿರ್ವಹಣೆ, ಆಕ್ಸೆಸರಿ ಮುಂತಾಗಿ ಕೆಳಗಡೆ ಸಣ್ಣಕ್ಷರದಲ್ಲಿ ಬರುವ ಪ್ರತಿಯೊಂದಕ್ಕೂ ‘ಇದೇತಕ್ಕೆ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಂತಿನ ಪ್ರಶ್ನೆಯಲ್ಲಿರುವ ಅಪಾಯವೂ ಹೀಗೆಯೇ. 5,00,000 ರೂಪಾಯಿ ಸಾಲಕ್ಕೆ ನೂರಕ್ಕೆ 9ರ ಬಡ್ಡಿಯಾದರೆ, ಐದು ವರ್ಷದ ಕಂತು ತಿಂಗಳಿಗೆ ಸುಮಾರು 10,380. ಏಳು ವರ್ಷಕ್ಕೆ ಎಳೆದರೆ ಸುಮಾರು 8,045. ಕಂತು ಇಳಿಯಿತೆಂದು ಮನಸ್ಸು ಹಗುರಾಗುವುದು ದಿಟ; ಆದರೆ ಒಟ್ಟಿನಲ್ಲಿ ಸುಮಾರು 53,000 ರೂಪಾಯಿ ಹೆಚ್ಚಾಗಿ ತೆತ್ತಂತಾಯಿತು. ಮೊದಲು ಬೆಲೆ, ಆಮೇಲೆ ಸಾಲ ಎಂಬ ಕ್ರಮವನ್ನು ಬಿಡಬಾರದು.

ಇಷ್ಟೆಲ್ಲವನ್ನೂ ನಾವು ಬಲ್ಲೆವೆಂದುಕೊಂಡು, ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಕಾರನ್ನು ಒಂದು ಕಡೆ ಒಪ್ಪಿಸಿ, ಹೊಸದನ್ನು ಮನೆಗೆ ತಂದೆವು. ಅಂಕಿಗಳಲ್ಲಿ ನಾವು ಸೋಲಲಿಲ್ಲ. ಹೂವಿನ ಹಾರ ಹಾಕಿ, ನಿಂಬೆಯ ಹಣ್ಣನ್ನು ಚಕ್ರದ ಕೆಳಗಿಟ್ಟು, ಸಿಹಿ ಹಂಚಿದ್ದೂ ಆಯಿತು. ಆ ದಿನ ಸಂಜೆ ನಮ್ಮ ಮನೆಯವರು, “ಹಳೇ ಗಾಡಿ ಕೊಟ್ಟಿದ್ದಕ್ಕೆ ರಸೀದಿ ಎಲ್ಲಿ?” ಎಂದು ಕೇಳಿದರು. “ಅದೆಲ್ಲ ಅವರೇ ನೋಡಿಕೊಳ್ಳುತ್ತಾರಂತೆ” ಎಂದು ನಾವು ಉತ್ತರವಿತ್ತೆವು. ಅವರು ಇನ್ನೇನೂ ಹೇಳಲಿಲ್ಲ.

ಎರಡು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, ನಾವು ಮನೆಯಲ್ಲಿಯೇ ಕುಳಿತಿರುವಾಗ, ಹೆಬ್ಬಾಳಿನ ಟೋಲಿನಲ್ಲಿ ನಮ್ಮ ಖಾತೆಯಿಂದ ಹಣ ಕಳೆಯಿತೆಂದು ಫೋನಿಗೆ ಸಂದೇಶ ಬಂದಿತು. ಹೊಸ ಕಾರು ಅಂಗಳದಲ್ಲಿ ನಿಂತಿದೆ; ಹಾಗಾದರೆ ಟೋಲನ್ನು ದಾಟಿದುದು ಯಾವುದು? ಕಂಬಿಯೆದುರಿನ ಗಾಜಿಗೆ ಅಂಟಿಸಿದ್ದ ಫಾಸ್ಟ್‌ಟ್ಯಾಗನ್ನು ತೆಗೆಯದೆ ಕೊಟ್ಟಿದ್ದ ಹಳೆಯ ಕಾರೇ ಅದು. ವಿಚಾರಿಸಿ ನೋಡಲಾಗಿ, ಕಾರು ಅಷ್ಟರಲ್ಲಿಯೇ ಇಬ್ಬರ ಕೈ ದಾಟಿ ಮೂರನೆಯವರಲ್ಲಿದ್ದಿತು, ಆರ್.ಸಿ. ಮಾತ್ರ ಇನ್ನೂ ನಮ್ಮ ಹೆಸರಿನಲ್ಲಿದ್ದಿತು. ವಿಮೆಯ ಅವಧಿ ಮುಗಿಯಲು ಉಳಿದಿದ್ದುದು ಹದಿನೆಂಟು ದಿನ. ಓಡಿಸುತ್ತಿರುವವರು ಯಾರೆಂಬುದನ್ನು ನಾವು ಕಂಡವರಲ್ಲ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲವೆಂದರೆ ಅದಕ್ಕೆ ಕಾರಣವಿದೆ. ಕಾನೂನಿನ ಕಣ್ಣಿಗೆ ವಾಹನದ ಒಡೆಯನೆಂದರೆ ನೋಂದಣಿಯಲ್ಲಿ ಹೆಸರಿರುವವನೇ. 2009ರಲ್ಲಿ ನಡೆದ ಒಂದು ಅಪಘಾತದ ಮೊಕದ್ದಮೆಯಲ್ಲಿ, ಕಾರನ್ನು 2007ರಲ್ಲಿಯೇ ಮಾರಿದೆನೆಂದು ನೋಂದಾಯಿತ ಒಡೆಯನು ಹೇಳಿದ್ದನು, ಅದು ಕೈಯಿಂದ ಕೈಗೆ ಹೋಗಿಯೂ ಇದ್ದಿತು, ವಿಮೆ ಇರಲಿಲ್ಲ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಹಾರದ ಹೊಣೆಯನ್ನು ಆ ಮೊದಲಿನ ಒಡೆಯನ ಮೇಲೆಯೇ ಹೊರಿಸಿತು. ಕಾರಿಲ್ಲ, ಓಡಿಸಿದವನು ಗೊತ್ತಿಲ್ಲ, ಹೊಣೆ ಮಾತ್ರ ಉಳಿದಿದೆ ಎಂಬ ಸ್ಥಿತಿ ಇದು. ನಮ್ಮ ಪುಣ್ಯದಿಂದ ಅಷ್ಟರೊಳಗೆ ಏನೂ ಸಂಭವಿಸಲಿಲ್ಲ. ಮೂರು ವಾರ ಓಡಾಡಿ ಹೆಸರನ್ನು ವರ್ಗಾಯಿಸಿಕೊಂಡೆವು. ಚೌಕಾಸಿ ಮಾಡಿ ಉಳಿಸಿದ ಹಣಕ್ಕಾಗಿ ಮೂರು ದಿನ ವಾದಿಸಿದ್ದ ನಾವು ಒಂದು ರಸೀದಿಗಾಗಿ ಐದು ನಿಮಿಷ ವಾದಿಸಿರಲಿಲ್ಲ.

ಆದುದರಿಂದ ವಾಚಕರು ಹಳೆಯ ಕಾರಿನ ಬೀಗದ ಕೈಯನ್ನು ಕೊಡುವ ಮುನ್ನ ಮಾಡಬೇಕಾದುದನ್ನು ಕ್ರಮವಾಗಿ ಹೇಳುತ್ತೇವೆ. ಕಾರಿನ ಮೇಲೆ ಸಾಲವಿದ್ದು ತೀರಿದ್ದರೆ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರವನ್ನು ತಂದು, ಆರ್.ಸಿ.ಯಲ್ಲಿರುವ ಸಾಲದ ನಮೂದನ್ನು ತೆಗೆಯಿಸಬೇಕು. ನೇರವಾಗಿ ಒಬ್ಬರಿಗೆ ಮಾರುವುದಾದರೆ ನಮೂನೆ 29 ಮತ್ತು 30ಕ್ಕೆ ಸಹಿಮಾಡಿ, ಖಾಲಿ ಜಾಗವನ್ನು ಬಿಡದೆ, ಕೊಳ್ಳುವವರ ಹೆಸರನ್ನು ತಮ್ಮೆದುರಿಗೇ ತುಂಬಿಸಬೇಕು; ರಾಜ್ಯದೊಳಗಿನ ಮಾರಾಟವನ್ನು ಹದಿನಾಲ್ಕು ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸುವುದು ಮಾರಿದವನ ಕರ್ತವ್ಯ. ಡೀಲರಿಗೆ ಒಪ್ಪಿಸುವುದಾದರೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳನ್ನು ನೆನಪಿಡಬೇಕು. ಹಳೆಯ ಕಾರಿನ ವ್ಯಾಪಾರಕ್ಕೆ ಅಧಿಕಾರಪತ್ರ ಪಡೆದ ಡೀಲರಿಗೆ ಕಾರನ್ನು ಒಪ್ಪಿಸಿದೆವೆಂದು ನಮೂನೆ 29ಸಿಯಲ್ಲಿ ಪರಿವಹನ ಜಾಲತಾಣದ ಮೂಲಕ ತಿಳಿಸಿದರೆ, ಅಲ್ಲಿಂದ ಮುಂದೆ ಆ ಕಾರಿನ ಹೊಣೆ ಡೀಲರದು. ಅಧಿಕಾರಪತ್ರವನ್ನು ತೋರಿಸಿರೆಂದು ಕೇಳುವುದು ಅಪಮಾನವೇನಲ್ಲ. ಫಾಸ್ಟ್‌ಟ್ಯಾಗನ್ನು ಮುಚ್ಚಿಸಬೇಕು. ಒಪ್ಪಿಸಿದ ದಿನ, ಗಂಟೆ, ಓಡಿದ ಕಿಲೋಮೀಟರು ಇವನ್ನು ಬರೆದ ರಸೀದಿಗೆ ಮೊಹರು ಹಾಕಿಸಿಕೊಳ್ಳಬೇಕು.

ಇನ್ನೊಂದು ಲಾಭದ ಮಾತು. ಕ್ಲೇಮು ಮಾಡದೆ ಕಳೆದ ವರ್ಷಗಳಿಗಾಗಿ ವಿಮೆಯಲ್ಲಿ ದೊರೆಯುವ ರಿಯಾಯಿತಿಯು ಕಾರಿಗೆ ಸೇರಿದ್ದಲ್ಲ, ಒಡೆಯನಿಗೆ ಸೇರಿದ್ದು. ಅದು ಮೊದಲ ವರ್ಷಕ್ಕೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ನೂರಕ್ಕೆ 20. ಐದು ವರ್ಷ ಸತತವಾಗಿ ಕ್ಲೇಮಿಲ್ಲದಿದ್ದರೆ 50. ಹಳೆಯದನ್ನು ಕೊಟ್ಟಾಗ ವಿಮಾ ಕಂಪೆನಿಯಿಂದ ಅದರ ಪತ್ರವನ್ನು ಕೇಳಿ ಪಡೆದರೆ ಹೊಸ ಕಾರಿಗೆ ಉಪಯೋಗಿಸಬಹುದು. ಕೇಳದಿದ್ದವರಿಗೆ ಯಾರೂ ಮನೆಗೆ ತಂದುಕೊಡುವುದಿಲ್ಲ.

ಕೊನೆಯದಾಗಿ, ಡೀಲರನ್ನು ಶತ್ರುವೆಂದು ಭಾವಿಸಬೇಕಾಗಿಲ್ಲ. ಆ ತರುಣನಿಗೂ ತಿಂಗಳ ಕೊನೆಗೆ ಒಪ್ಪಿಸಬೇಕಾದ ಲೆಕ್ಕವಿದೆ. ಮೊದಲ ದಿನವೇ ಮುಂಗಡ ಕೊಡದೆ, ಅಂಕಿಗಳನ್ನು ಬರೆಯಿಸಿಕೊಂಡು ಮನೆಗೆ ಬಂದು, ಮನೆಯವರೊಡನೆ ಕುಳಿತು ಓದಬೇಕು. ಅವರು ಏನಾದರೂ ಒಂದು ಕಾಗದವನ್ನು ಕೇಳಿದರೆ, ಅದು ಇಲ್ಲದೆ ವ್ಯಾಪಾರ ಮುಗಿಯಿತೆಂದು ಹೇಳಬಾರದು. ನಾವು ಹಾಗೆ ಹೇಳಿ ಕಲಿತೆವು.