ಕೈ ಕಟ್ಟು, ಬಾಯಿ ಬಿಡು!

ಕಳೆದ ತಿಂಗಳು ನಮ್ಮ ಆಫೀಸಲ್ಲಿ ಅರ್ಧ ದಿನದ ಟ್ರೈನಿಂಗ್ ಇತ್ತು. ಕ್ಲೈಂಟ್ ಮುಂದೆ ಹೇಗೆ ಮಾತಾಡಬೇಕು ಅನ್ನೋದು ವಿಷಯ. ಟ್ರೈನರ್ ನನ್ನ ಎರಡು ನಿಮಿಷದ ಮಾತನ್ನು ವಿಡಿಯೋ ಮಾಡಿ, ಸೌಂಡ್ ಮ್ಯೂಟ್ ಮಾಡಿ ಎಲ್ಲರಿಗೂ ತೋರಿಸಿದರು. ಪರದೆ ಮೇಲೆ ನನ್ನ ಕೈಗಳು ಕುಣೀತಿದ್ದವು. ಎಲ್ಲರೂ ನಕ್ಕರು, ನಾನೂ ನಕ್ಕೆ. 'ಹಳ್ಳಿ ಅಭ್ಯಾಸ, ಬಿಡಿಸಬಹುದು' ಅಂದರು.

ಅದೇ ಮಹಾಶಯರು ಊಟದ ಹೊತ್ತಿಗೆ ರೋಮ್ ಪ್ರವಾಸದ ಕತೆ ತೆಗೆದರು. ಇಟಲಿಯವರು ಕೈಯಲ್ಲೇ ಮಾತಾಡ್ತಾರಂತೆ, ನೋಡೋಕೆ ಎಷ್ಟು ಚೆಂದವಂತೆ!

ಚೆಂದ ಹೌದು. ನೇಪಲ್ಸಿನ ಪಾದ್ರಿ ಆಂದ್ರೆಯಾ ದೆ ಯೋರಿಯೊ ತಮ್ಮೂರಿನ ಕೈಸನ್ನೆಗಳ ಮೇಲೆ 1832ರಲ್ಲೇ ದಪ್ಪ ಪುಸ್ತಕ ಬರೆದರು. ಐದೂ ಬೆರಳ ತುದಿ ಕೂಡಿಸಿದ ಅವರ 'ಏನಯ್ಯಾ ನಿಂದು?' 2020ರಲ್ಲಿ ಎಮೋಜಿಯೂ ಆಯ್ತು. ಅದೇ ಬೆರಳನ್ನು ನಾವು ಬಾಯಿ ಹತ್ತಿರ ಒಯ್ದರೆ 'ಊಟ ಆತಾ?' ಅವರದು ಸಂಸ್ಕೃತಿ, ನಮ್ಮದು ಅಭ್ಯಾಸ!

ಹೊನ್ನಾಳಿ ಕಡೆಯ ಗೋವಿನಕೋವಿ ನಮ್ಮಮ್ಮನ ತವರು. ಅಜ್ಜ ದನದ ಜಾತ್ರೆಗೆ ಹೋದರೆ ಹೆಗಲ ಮೇಲಿನ ವಲ್ಲಿ ಕೈ ಮೇಲೆ ಬೀಳೋದು. ಅದರಡಿ ದಲ್ಲಾಳಿಯ ಬೆರಳು ಹಿಡಿದು, ಒತ್ತಿ, ಬಿಟ್ಟು, ಮತ್ತೆ ಹಿಡಿದು ಎತ್ತಿನ ರೇಟು ಮುಗಿಸೋರು. ಸುತ್ತ ನಿಂತವರಿಗೆ ಬೆಲೆ ಗೊತ್ತಾಗ್ತಿರಲಿಲ್ಲ. ವ್ಯಾಪಾರ ಕುದುರದಿದ್ರೂ ಯಾರ ಮರ್ಯಾದೆಯೂ ಹೋಗ್ತಿರಲಿಲ್ಲ. ಬಾಯಲ್ಲಿ ಮಾತ್ರ ಮಳೆ ಬೆಳೆ ಸುದ್ದಿ. ನೆಗೋಶಿಯೇಷನ್ ಕಲಿಸೋಕೆ ದುಡ್ಡು ತಗೊಳ್ಳೋರು ಒಮ್ಮೆ ಇದನ್ನ ನೋಡಬೇಕು. ಅಜ್ಜಿ ಇನ್ನೂ ಜೋರು: ಮೊಮ್ಮಗಳ ಕೆನ್ನೆ ಸವರಿ, ತನ್ನ ಹಣೆಯ ಪಕ್ಕ ಬೆರಳೊತ್ತಿ ಲಟಲಟ ನೆಟಿಕೆ ಮುರಿದರೆ ಅಷ್ಟರಲ್ಲೇ ಮುದ್ದು, ಹೆಮ್ಮೆ, ದೃಷ್ಟಿಯ ಭಯ ಎಲ್ಲ ಮುಗೀತು. ಇದನ್ನ ಸ್ಲೈಡಿನಲ್ಲಿ ಹೇಳಿ ನೋಡೋಣ.

ಎದುರಿಗಿರೋರ ಮುಖಕ್ಕೆ ಬೆರಳು ಚುಚ್ಚಬಾರದು, ಒಪ್ಪಿದೆ. ಅಷ್ಟನ್ನು ಅಜ್ಜಿಯೂ ಹೇಳಿಕೊಟ್ಟಿದ್ದಾಳೆ.

ಆದರೆ ಕೈ ಬರೀ ತೋರಿಕೆಗಲ್ಲ. 1998ರಲ್ಲಿ ಜಾನಾ ಐವರ್ಸನ್, ಸೂಸನ್ ಗೋಲ್ಡಿನ್-ಮೆಡೋ 'ನೇಚರ್' ಪತ್ರಿಕೆಯಲ್ಲಿ ಬರೆದರು: ಹುಟ್ಟಿನಿಂದ ಕಣ್ಣು ಕಾಣದವರೂ ಮಾತಾಡುವಾಗ ಕೈ ಆಡಿಸ್ತಾರೆ, ಎದುರಿಗಿರೋರಿಗೂ ಕಣ್ಣು ಕಾಣಲ್ಲ ಅಂತ ಗೊತ್ತಿದ್ದಾಗಲೂ. ಯಾರಿಗೆ ತೋರಿಸೋಕೆ ಹೇಳಿ?

ಟ್ರೈನಿಂಗ್ ಆದಮೇಲೆ ನಮ್ಮ ಟೀಮಿನ ಹೊಸ ಹುಡುಗಿ, ಜಗಳೂರು ಕಡೆಯವಳು, ಎರಡೂ ಕೈ ಟೇಬಲ್ ಕೆಳಗಿಟ್ಟುಕೊಂಡು ಡೆಮೊ ಕೊಟ್ಟಳು. ಆ ಕೋಡ್ ಬರೆದವಳೇ ಅವಳು. ಆದ್ರೂ ಮಾತು ಸಿಗದೆ ಎರಡು ಸಲ ನಿಂತಳು. 'ಗುಡ್, ವೆರಿ ಕಂಪೋಸ್ಡ್' ಅಂತ ಮೆಚ್ಚುಗೆ ಬಂತು.

ಈ ವರ್ಷದ ನನ್ನ ಅಪ್ರೈಸಲ್ ಫಾರಂನಲ್ಲಿ 'ಬಾಡಿ ಲ್ಯಾಂಗ್ವೇಜ್: ನೀವು ಮಾಡಿಕೊಂಡ ಸುಧಾರಣೆ' ಅಂತ ಒಂದು ಕಾಲಂ ಇದೆ. ಖಾಲಿ ಬಿಟ್ಟು ಕಳಿಸಿದ್ದೇನೆ.