ಅಂಜಿಕೆಯಲ್ಲಿ ಹುಟ್ಟಿದ ದಿಟ್ಟ ಪದ ‘ಎಸ್‌ಚೂ’

ಇಂಗ್ಲಿಷ್ ಪತ್ರಿಕೆ ಓದುವವರಿಗೆ ಆಗಾಗ ಎದುರಾಗುವ ಒಂದು ಪದವಿದೆ: ‘ಎಸ್‌ಚೂ’. ಇ, ಎಸ್, ಸಿ, ಎಚ್, ಇ, ಡಬ್ಲ್ಯೂ. ‘ಎಸ್‌ಚೂ ವಯಲೆನ್ಸ್’ ಅಂತ ನಾಯಕರು ಕರೆ ಕೊಡ್ತಾರೆ. ಕೋಡಿಂಗ್ ಗೈಡ್‌ಲೈನ್‌ಗಳಲ್ಲೂ ಒಮ್ಮೊಮ್ಮೆ ಇಣುಕುತ್ತೆ. ಬಾಲದಲ್ಲಿ ‘ಚ್ಯೂ’ ಕಾಣೋದರಿಂದ ಅಗಿಯೋದಕ್ಕೂ ಇದಕ್ಕೂ ಏನೋ ನಂಟಿರಬೇಕು ಅನ್ನಿಸಬಹುದು. ಏನೂ ಇಲ್ಲ. ಉಚ್ಚರಿಸುವಾಗ ಒತ್ತು ಎರಡನೇ ಭಾಗಕ್ಕೆ, ‘ಚೂ’ಗೆ. ಅಮೆರಿಕದಲ್ಲಿ ‘ಎಶೂ’ ಅನ್ನುವವರೂ ಇದ್ದಾರೆ.

ಅರ್ಥ ಏನು? ಬೇಕೆಂದೇ, ಯೋಚಿಸಿ, ಒಂದನ್ನು ದೂರ ಇಡುವುದು. ಹಾಗಾದ್ರೆ ‘ಅವಾಯ್ಡ್’ ಸಾಲದಾ? ಪೂರ್ತಿ ಸಾಲದು. ಸಿಲ್ಕ್ ಬೋರ್ಡ್ ಜಂಕ್ಷನ್‌ನ ಟ್ರಾಫಿಕ್ಕನ್ನು ನಾವು ಅವಾಯ್ಡ್ ಮಾಡ್ತೀವಿ. ಅದರಲ್ಲಿ ತತ್ವ ಏನಿಲ್ಲ, ಹೊತ್ತಿಗೆ ಮನೆ ಸೇರಬೇಕು ಅಷ್ಟೆ. ಉತ್ತರ ಕೊಡಬೇಕಾದ ಪ್ರಶ್ನೆಯಿಂದ, ಕಟ್ಟಬೇಕಾದ ತೆರಿಗೆಯಿಂದ ನುಣುಚಿಕೊಂಡರೆ ಅದು ‘ಇವೇಡ್’. ಒಬ್ಬ ವ್ಯಕ್ತಿಯನ್ನು ಹತ್ತಿರ ಸೇರಿಸದೆ ಇಟ್ಟರೆ ಸಾಮಾನ್ಯವಾಗಿ ‘ಶನ್’. ‘ಎಸ್‌ಚೂ’ ಅಂದಾಗ ಮಾತ್ರ ಅದರ ಹಿಂದೆ ಒಂದು ನಿಲುವಿನ ವಾಸನೆ ಇರುತ್ತೆ. ಇದು ಸರಿಯಲ್ಲ, ಇದು ನನಗೆ ತಕ್ಕುದಲ್ಲ, ಅದಕ್ಕೇ ಬಿಟ್ಟೆ ಅನ್ನೋ ಭಾವ.

ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಪದ ‘ವರ್ಜಿಸು’. ಏಕಾದಶಿ ದಿನ ಅನ್ನ ವರ್ಜ್ಯ ಅಂತಾರಲ್ಲ, ಅದೇ. ಮನೇಲಿ ಅಕ್ಕಿ ಇಲ್ಲದೆ ಊಟ ಬಿಟ್ಟರೆ ಹಸಿವು. ಡಬ್ಬಿ ತುಂಬ ಅಕ್ಕಿ ಇದ್ದೂ ಬಿಟ್ಟರೆ ವ್ರತ. ಹೊರಗಿನಿಂದ ನೋಡಿದರೆ ಎರಡೂ ಖಾಲಿ ತಟ್ಟೆಯೇ.

ಈಗ ಮೂಲಕ್ಕೆ ಬರೋಣ. ‘ಎಸ್‌ಚೂ’ 14ನೇ ಶತಮಾನದ ಹೊತ್ತಿಗೆ ಹಳೆಯ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಪದ. ಫ್ರೆಂಚರಿಗೆ ಅದು ಸಿಕ್ಕಿದ್ದು ಜರ್ಮನಿಕ್ ಭಾಷೆಯಿಂದ. ಅಲ್ಲಿ ಮೂಲ ಅರ್ಥ ಹೆದರು, ಅಂಜಿ ಹಿಂಜರಿ. ಇಂದಿನ ಜರ್ಮನ್‌ನ ‘ಶೊಯೆನ್’ ಮತ್ತು ನಮಗೆಲ್ಲ ಗೊತ್ತಿರುವ ಇಂಗ್ಲಿಷಿನ ‘ಶೈ’ ಇದೇ ಬಳಗದವು. ‘ಡೇಟಾ ಸ್ಕ್ಯೂ ಆಗಿದೆ’ ಅಂತೀವಲ್ಲ, ಆ ‘ಸ್ಕ್ಯೂ’ ಕೂಡ ಇದರ ಹತ್ತಿರದ ನೆಂಟ ಅಂತ ನಿಘಂಟುಗಳು ಹೇಳ್ತವೆ. ಬೆದರಿದ ಕುದುರೆ ದಾರಿ ಬಿಟ್ಟು ಪಕ್ಕಕ್ಕೆ ವಾಲೋದನ್ನ ಊಹಿಸಿಕೊಳ್ಳಿ, ನಂಟು ಅರ್ಥವಾಗುತ್ತೆ.

ಅಂದರೆ ಪುಕ್ಕಲುತನದಿಂದ ಹೊರಟ ಪದ, ಶತಮಾನಗಳ ನಡಿಗೆಯಲ್ಲಿ ದೃಢ ನಿರ್ಧಾರದ ಪದವಾಗಿ ಬಿಡ್ತು! 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಯೋಬನ ಪರಿಚಯಕ್ಕೆ ಬಳಸಿರೋದು ಇದೇ ಪದವನ್ನು, ಕೆಟ್ಟದ್ದನ್ನು ದೂರವಿಟ್ಟವನು ಅನ್ನೋ ಮೆಚ್ಚುಗೆಯ ಅರ್ಥದಲ್ಲಿ.

ಬಿಡೋದೂ ಒಂದು ಸಾಧನೆ ಅನ್ನೋದಕ್ಕೆ ಕನ್ನಡದಲ್ಲೇ ಸೊಗಸಾದ ಉದಾಹರಣೆ ಇದೆ. 13ನೇ ಶತಮಾನದ ಕವಿ ಆಂಡಯ್ಯ ‘ಕಬ್ಬಿಗರ ಕಾವ’ ಬರೆಯುವಾಗ ಸಂಸ್ಕೃತದ ತತ್ಸಮ ಪದಗಳನ್ನು ವರ್ಜಿಸಿದ. ದೇಸಿ ಮತ್ತು ತದ್ಭವ ಪದಗಳಲ್ಲೇ ಕಾವ್ಯ ಕಟ್ಟಿದ. ಯಾವ ಪದ ಎಲ್ಲಿಂದ ಬಂತು ಅಂತ ತಿಳಿಯದವನಿಗೆ ಹೀಗೆ ಆರಿಸಿ ಬಿಡೋಕೆ ಆಗುತ್ತಾ? ಮೋಹನ ರಾಗವೂ ಹಾಗೇ. ಮಧ್ಯಮ, ನಿಷಾದ ಬಿಟ್ಟಿರೋದರಿಂದಲೇ ಅದು ಮೋಹನ.

ನಮ್ಮ ವಯಸ್ಸಿನವರಿಗೆ ಈ ಪದ ಮುಖ್ಯ ಆಗೋದು ಇಲ್ಲೇ. ‘ನಾನು ಆಫೀಸ್ ಪಾಲಿಟಿಕ್ಸ್‌ನಿಂದ ದೂರ’ ಅನ್ನುವವರನ್ನು ನೀವೂ ನೋಡಿರ್ತೀರಿ. ಕೆಲವರದು ನಿಜವಾದ ನಿಲುವು. ಇನ್ನು ಕೆಲವರಿಗೆ ಅಪ್ರೈಸಲ್‌ನಲ್ಲಿ ಸಂಬಳದ ಮಾತೆತ್ತೋಕೆ ಗಂಟಲು ಕಟ್ಟುತ್ತೆ, ಮೀಟಿಂಗ್‌ನಲ್ಲಿ ‘ಈ ಡೆಡ್‌ಲೈನ್ ಆಗಲ್ಲ’ ಅನ್ನೋಕೆ ಧೈರ್ಯ ಸಾಲದು. ಆಮೇಲೆ ಅದಕ್ಕೆ ಸರಳತೆ, ಸ್ವಾಭಿಮಾನ ಅಂತ ಒಳ್ಳೆ ಹೆಸರು. ಹೆದರಿಕೆ ತಪ್ಪಲ್ಲ. ಆದರೆ ಅದನ್ನೇ ತತ್ವ ಅಂದುಕೊಂಡರೆ ಅದು ವಾಸಿಯಾಗೋದೇ ಇಲ್ಲ; ವರ್ಷಗಟ್ಟಲೆ ಕಡಿಮೆ ಸಂಬಳದಲ್ಲಿ ದುಡಿಯೋದು ಮಾತ್ರ ಉಳಿಯುತ್ತೆ.

ಪರೀಕ್ಷೆ ಸುಲಭ. ನಾಳೆ ಆ ಭಯ ಇಲ್ಲ ಅಂತಿಟ್ಟುಕೊಳ್ಳಿ. ಆಗಲೂ ಅದನ್ನು ಬಿಡ್ತೀರಾ? ಹೌದು ಅಂದ್ರೆ ‘ಎಸ್‌ಚೂ’. ಇಲ್ಲ ಅಂದ್ರೆ ಸದ್ಯಕ್ಕೆ ಅದಿನ್ನೂ ‘ಶೈ’ ಮನೆಯಲ್ಲೇ ಇದೆ.

ಕೊನೆಗೆ ಬಳಕೆಯ ಮಾತು. ‘ಎಸ್‌ಚೂ’ ಆದ ಮೇಲೆ ‘ಟು’ ಅಥವಾ ‘ಫ್ರಮ್’ ಬೇಡ. ‘ಎಸ್‌ಚೂ ಶುಗರ್’ ಸರಿ, ‘ಎಸ್‌ಚೂ ಈಟಿಂಗ್ ಶುಗರ್’ ಕೂಡ ಸರಿ, ‘ಎಸ್‌ಚೂ ಟು ಈಟ್’ ತಪ್ಪು. ಪದ ತುಸು ಭಾರ, ದಿನದ ಚಾಟ್‌ಗೆ ಒಗ್ಗಲ್ಲ. ಇಂಗ್ಲಿಷಿನವರೇ ಇದನ್ನಿಟ್ಟು ಒಂದು ತಮಾಷೆ ಮಾಡ್ತಾರೆ: ‘ಎಸ್‌ಚೂ ಆಬ್‌ಫಸ್ಕೇಷನ್’. ಅರ್ಥ, ತಿಳಿಯದ ಹಾಗೆ ಬರೆಯೋದನ್ನು ಬಿಡಿ! ಮುಂದಿನ ಸಲ ಆಫೀಸ್ ಮೇಲ್ ಬರೆಯುವಾಗ ನೆನಪಿರಲಿ.