ಕಾದಂಬರಿಯ ಲಕ್ಷಣವೂ ದೀಪಗಳ ಸಾಕ್ಷ್ಯವೂ

ದೇವನೂರ ಮಹಾದೇವರ ‘ಕುಸುಮಬಾಲೆ’ಯು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾಯಿತು. ಆದರೂ ಅದನ್ನು ಕಾದಂಬರಿಯೆಂದು ಒಪ್ಪದ ಪಂಡಿತಂಮನ್ಯರು ಇಂದಿಗೂ ಇರುವರು. ಅವರ ಆಕ್ಷೇಪಣೆಗಳು ಮೂರು: ಕಥೆಗೆ ಆದಿಮಧ್ಯಾಂತಗಳ ಕ್ರಮವಿಲ್ಲ, ದೀಪ, ಮಂಚ ಮುಂತಾದ ಅಚೇತನಗಳು ಮಾತಾಡುತ್ತವೆ, ಭಾಷೆ ಗ್ರಾಮ್ಯವಾದುದು. ಇವನ್ನು ವಿಚಾರಿಸಿ ನೋಡತಕ್ಕದ್ದು.

ಕಾದಂಬರಿಯೆಂಬ ಹೆಸರೇ ಬಾಣಭಟ್ಟನ ಗದ್ಯಕಾವ್ಯದಿಂದ ಬಂದದ್ದು. ಅಲ್ಲಿ ಶೂದ್ರಕನ ಸಭೆಯಲ್ಲಿ ಕಥೆ ಹೇಳುವುದು ಒಂದು ಗಿಳಿ. ಅದನ್ನು ತಂದವಳು ಚಂಡಾಲಕನ್ಯೆ. ಗಿಳಿಯ ಕಥೆಯೊಳಗೆ ಜಾಬಾಲಿಮುನಿಯ ಕಥೆ, ಅದರೊಳಗೆ ಮಹಾಶ್ವೇತೆಯ ಕಥೆ. ಗಿಳಿಗೆ ತಲೆದೂಗುವವರು ದೀಪಕ್ಕೆ ಹುಬ್ಬುಗಂಟಿಕ್ಕುವುದು ಯಾವ ನ್ಯಾಯ? ಹೇಳುವವರು ಯಾರೆಂಬುದನ್ನು ಹಿಡಿದು ಕಥೆ, ಆಖ್ಯಾಯಿಕೆ ಎಂದು ಎರಡು ಜಾತಿ ಮಾಡುವುದು ಸಲ್ಲದೆಂದು ದಂಡಿಯು ‘ಕಾವ್ಯಾದರ್ಶ’ದಲ್ಲಿ ಎಂದೋ ತೀರ್ಮಾನಿಸಿರುವನು. ಲಕ್ಷ್ಯವನ್ನು ನೋಡಿ ಲಕ್ಷಣವನ್ನು ಹೇಳಬೇಕೇ ಹೊರತು, ಲಕ್ಷಣಕ್ಕೆ ಹೊಂದದೆಂದು ಲಕ್ಷ್ಯವನ್ನೇ ತಳ್ಳುವುದು ಶಾಸ್ತ್ರವಲ್ಲ.

ಇನ್ನು ಕ್ರಮದ ಮಾತು. ಚಾಮರಾಜನಗರ, ಗುಂಡ್ಲುಪೇಟೆ, ನಂಜನಗೂಡು ಸೀಮೆಗಳಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಾವ್ಯವನ್ನೂ, ದೇವರಗುಡ್ಡರು ಕಂಸಾಳೆ ಹಿಡಿದು ಮಾದೇಶ್ವರನ ಕಾವ್ಯವನ್ನೂ ರಾತ್ರಿಯೆಲ್ಲ ಹಾಡುವರು. ಆ ಕಾವ್ಯಗಳು ‘ಸಾಲು’ಗಳಾಗಿ ವಿಂಗಡವಾಗಿವೆ. ಒಂದೊಂದು ಸಾಲೂ ತಾನೇ ಪೂರ್ಣ. ಎಲ್ಲಿಂದ ತೊಡಗಿದರೂ ಕೇಳುವವರಿಗೆ ಉಳಿದುದು ಗೊತ್ತೇ ಇರುವುದು. ಮನೆಮನೆಯ ದೀಪಗಳು ಆರಿದ ಮೇಲೆ ಒಂದೆಡೆ ಕೂಡಿ ತಂತಮ್ಮ ಮನೆಯ ಸುದ್ದಿ ಹೇಳಿಕೊಳ್ಳುವುವೆಂಬ ಅಜ್ಜಿಕಥೆಯೂ ಕನ್ನಡನಾಡಿಗೆ ಹೊಸತಲ್ಲ. ‘ಕುಸುಮಬಾಲೆ’ಯ ಕ್ರಮವು ಈ ಕ್ರಮ. ಆಂಗ್ಲ ಕಾದಂಬರಿಯ ಅಳತೆಗೋಲು ಇದನ್ನು ಅಳೆಯಲಾರದು.

ಇದು ಈ ಸೀಮೆಯೊಂದರ ವಿಶೇಷವಲ್ಲ. ಬಿಳಿಯರ ಆಳ್ವಿಕೆಯನ್ನು ಉಂಡ ಆಫ್ರಿಕಾದಲ್ಲಿಯೂ ಹೀಗೆಯೇ. ನೈಜೀರಿಯದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯ 25 ಅಧ್ಯಾಯಗಳಲ್ಲಿ ಮೊದಲ 13, ಇಗ್ಬೋ ಜನರ ಗೆಣಸಿನ ಬೇಸಾಯ, ಹಬ್ಬ, ನ್ಯಾಯಪಂಚಾಯಿತಿ, ಗಾದೆಗಳಿಂದ ತುಂಬಿವೆ. ಪಾದ್ರಿಗಳು ಬರುವುದು ಅನಂತರ. ಅವಸರದ ಓದುಗನಿಗೆ ಆ ಭಾಗ ಅಡ್ಡಕಥೆಯಂತೆ ತೋರಬಹುದು; ಆದರೆ ಅದಿಲ್ಲದೆ ಕುಸಿದುಬಿದ್ದುದು ಏನೆಂದೇ ತಿಳಿಯದು. ಕೊನೆಗೆ ಬಿಳಿಯ ಜಿಲ್ಲಾಧಿಕಾರಿಯು, ನಾಯಕ ಒಕೊಂಕ್ವೊನ ಬಾಳೆಲ್ಲ ತನ್ನ ಪುಸ್ತಕದ ಒಂದು ಪ್ಯಾರಾಕ್ಕೆ ಸಾಕೆಂದು ಎಣಿಸುವನು. ‘ಕುಸುಮಬಾಲೆ’ಗೆ ಕ್ರಮವಿಲ್ಲವೆನ್ನುವವರು ಕುಳಿತಿರುವುದು ಆ ಅಧಿಕಾರಿಯ ಕುರ್ಚಿಯಲ್ಲಿಯೇ.

ಮುಖ್ಯವಾದ ಮಾತು ಬೇರೆಯೇ ಇದೆ. ದಲಿತ ಯುವಕನಾದ ಚನ್ನನು ಮೇಲುಜಾತಿಯ ಮನೆಯ ಕುಸುಮಳಲ್ಲಿ ಅನುರಕ್ತನಾಗಿ ಕೊಲೆಯಾಗುವನು. ಇಂತಹ ಕೊಲೆಗೆ ಊರಿನಲ್ಲಿ ಸಾಕ್ಷಿ ನುಡಿಯುವವರು ಯಾರು? ಕಂಡವರು ಬಾಯಿ ಬಿಡರು. ಬಾಯಿ ಬಿಡುವವರು ಕಂಡಿಲ್ಲ. ಮನುಷ್ಯರ ನಾಲಗೆ ಬಿದ್ದುಹೋದಲ್ಲಿ ದೀಪವೂ ಮಂಚವೂ ನುಡಿಯಬೇಕಾಗುವುದು. ಸತ್ಯವು ತುಂಡುತುಂಡಾಗಿ ಹಂಚಿಹೋಗಿರುವುದರಿಂದಲೇ ಕಥೆಯೂ ತುಂಡುತುಂಡು. ಇದನ್ನು ಆದಿಮಧ್ಯಾಂತಗಳಿಂದ ನೇರ ಮಾಡಿದರೆ ಆ ಮೌನವೇ ಅಳಿಸಿಹೋಗುವುದು. ಕೊಂದವರಿಗೆ ಬೇಕಾದುದೂ ಅಷ್ಟೆ.

ಕಡೆಯದು ಭಾಷೆ. ಉಡಿಗಾಲದ ಜಗಲಿಯಲ್ಲಿ ಕುಳಿತ ಮುದುಕಿಗೆ ಈ ನುಡಿಯ ಅರ್ಥ ಹೇಳಬೇಕಾದುದಿಲ್ಲ, ಹೇಳಬೇಕಾದುದು ಪಂಡಿತರಿಗೆ. ಗ್ರಾಮ್ಯವೆಂಬುದು ಕಾವ್ಯದೋಷವೆಂದು ಶಾಸ್ತ್ರವು ಹೇಳಿದುದು ನಿಜ. ಗ್ರಾಮವೇ ದೋಷವೆಂದು ಹೇಳಲಿಲ್ಲ. ಮನೆಯ ಮಾತು ಕೊಳಕೆಂದು ಮಕ್ಕಳಿಗೆ ಕಲಿಸುವ ಉಪಾಧ್ಯಾಯನು, ಅವರ ಹಿರಿಯರು ಕಂಡುದಕ್ಕೆಲ್ಲ ಸಾಕ್ಷಿಯಿಲ್ಲದಂತೆ ಮಾಡುವನು. ದೀಪ ಮಾತಾಡಿದುದು ಅಪಸಿದ್ಧಾಂತವಲ್ಲ. ಅದನ್ನು ಊದಿ ಆರಿಸುವುದೇ ಅಪರಾಧ.